ಕಾಗುಣಿತ ಬಾರದ ಹೆಬ್ಬಾವು

‘ಹೈದರಾಬಾದ್’ ಎಂದು ಕನ್ನಡದಲ್ಲಿ ಬರೆದು, ಇದರಲ್ಲಿರುವ ಪದಗಳನ್ನು ಹೆಕ್ಕಿಕೊಡಪ್ಪಾ ಎಂದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕೇಳಿ. ನಾಲ್ಕು ಪದ ಇವೆ ಅನ್ನುತ್ತದೆ: ಹ, ದರ, ಬ, ದ. ಐತ್ವ ಹೋಯಿತು, ಎರಡೂ ಇಳಿ ಹೋದವು, ಕೊನೆಯ ಅರ್ಧಾಕ್ಷರದ ಗುರುತೂ ಹೋಯಿತು. ‘ಕನ್ನಡ’ ಎಂದು ಕೊಟ್ಟರೆ ‘ಕನ’, ‘ನಡ’ ಎಂದು ಎರಡು ಹೋಳು. ‘ತೆಲುಗು’ ಕೊಟ್ಟರೆ ತ, ಲ, ಗ. ಕನ್ನಡಕ್ಕೂ ತೆಲುಗಿಗೂ ಇಷ್ಟು ನಿಷ್ಪಕ್ಷಪಾತವಾಗಿ ಅನ್ಯಾಯ ಮಾಡುವುದು ಯಾವ ನದಿ ನ್ಯಾಯಮಂಡಳಿಗೂ ಸಾಧ್ಯವಾಗಿರಲಿಲ್ಲ.

ಒಳಗೆ ನಡೆಯುವುದು ಇಷ್ಟೇ. ಪಠ್ಯದಲ್ಲಿ ಏನನ್ನಾದರೂ ಹುಡುಕಲು ಪ್ರೋಗ್ರಾಮರುಗಳು ರೆಜೆಕ್ಸ್ ಎಂಬ ಸಂಕೇತಲಿಪಿ ಬಳಸುತ್ತಾರೆ. ಅದರಲ್ಲಿ ಬ್ಯಾಕ್‌ಸ್ಲ್ಯಾಷ್ ಹಾಕಿ ಡಬ್ಲ್ಯು ಬರೆದರೆ (ಬಾಯಿಮಾತಿನಲ್ಲಿ ‘ಸ್ಲ್ಯಾಷ್ ಡಬ್ಲ್ಯು’) ‘ಪದದಲ್ಲಿ ಬರಬಹುದಾದ ಯಾವುದೇ ಅಕ್ಷರ’ ಎಂದರ್ಥ. ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೂ ತೆಲುಗಿಗೂ ಜಾಗ ಕೊಟ್ಟಿತು. ಆದರೆ ಕ, ಖ, ಗಗಳನ್ನು ‘ಅಕ್ಷರ’ ಎಂಬ ಜಾತಿಗೂ, ಇಳಿ, ಗುಡಿಸು, ಕೊಂಬು, ಏತ್ವ, ಅರ್ಧಾಕ್ಷರದ ಚಿಹ್ನೆ, ಸೊನ್ನೆಗಳನ್ನು ‘ಗುರುತು’ ಎಂಬ ಜಾತಿಗೂ ಸೇರಿಸಿತು. ಸೇರಿಸಿ ಸುಮ್ಮನಾಗಲಿಲ್ಲ. ರೆಜೆಕ್ಸ್ ಬರೆಯುವವರಿಗೆಂದೇ ಇರುವ ತನ್ನ ಹದಿನೆಂಟನೆಯ ತಾಂತ್ರಿಕ ಮಾನದಂಡದಲ್ಲಿ, ಪದ ಎಂದರೆ ಅಕ್ಷರ ಮಾತ್ರವಲ್ಲ, ಈ ಗುರುತುಗಳೂ ಸೇರಬೇಕು ಎಂದು ಬಿಡಿಸಿಯೇ ಹೇಳಿತು. ಪರ್ಲ್ ಭಾಷೆ ಅದನ್ನು ಕೇಳಿತು. ಪೈಥಾನ್ ಕೇಳಲಿಲ್ಲ. ಅಕ್ಷರ, ಅಂಕಿ, ಒಂದು ಅಂಡರ್‌ಸ್ಕೋರ್, ಇಷ್ಟಕ್ಕೆ ಅದರ ಪದಜ್ಞಾನ ಮುಗಿಯಿತು.

ಫ್ರೆಂಚರಿಗೆ ಇದರ ಬಿಸಿ ತಟ್ಟಲಿಲ್ಲ. ಅವರ ಟೋಪಿ ಹಾಕಿದ ಇ, ಚುಕ್ಕೆ ಇಟ್ಟ ಐ, ಬಾಲ ಬಿಟ್ಟ ಸಿ ಎಲ್ಲಕ್ಕೂ ಯೂನಿಕೋಡಿನಲ್ಲಿ ಪ್ರತ್ಯೇಕ ಮನೆ, ಪ್ರತ್ಯೇಕ ಮೀಟರು. ಅವೆಲ್ಲ ಪೂರ್ಣಪ್ರಮಾಣದ ಅಕ್ಷರಗಳು. ನಮ್ಮ ಕೊಂಬು ಮಾತ್ರ ಬಾಡಿಗೆದಾರ.

ಒಂದನೇ ಕ್ಲಾಸಿನಲ್ಲಿ ‘ಅಗಸ’, ‘ಕಮಲ’, ‘ಬಸವ’ ಎಂಬ ಪಾಠ ಮುಗಿಸಿ, ಕಾಗುಣಿತ ಶುರುವಾಗುವ ದಿನ ಶಾಲೆ ಬಿಟ್ಟ ಹುಡುಗನಂತಿದೆ ಇದರ ಕನ್ನಡ. ಅಗಸ, ಕಮಲ, ಬಸವ ಮೂವರೂ ಸ್ಲ್ಯಾಷ್ ಡಬ್ಲ್ಯು ದಾಟಿ ಒಂದು ಗೀರೂ ಆಗದೆ ಬರುತ್ತಾರೆ. ಕಮಲಮ್ಮ ಬಂದರೆ ‘ಕಮಲಮ’ ಒಂದು ಕಡೆ, ‘ಮ’ ಇನ್ನೊಂದು ಕಡೆ.

ತಮಾಷೆಯೆಂದರೆ ಇದೇ ಪೈಥಾನಿಗೆ ಬೇರೆ ವಿಷಯಗಳಲ್ಲಿ ಕನ್ನಡ ಚೆನ್ನಾಗಿಯೇ ಬರುತ್ತದೆ. ‘೧೯೫೬’ ಎಂದು ಕನ್ನಡ ಅಂಕಿಯಲ್ಲಿ ಬರೆದು ಸಂಖ್ಯೆ ಮಾಡು ಎಂದರೆ ಮರುಮಾತಿಲ್ಲದೆ 1956 ಮಾಡಿಕೊಡುತ್ತದೆ. ನಮ್ಮ ಎಷ್ಟೋ ಕಾನ್ವೆಂಟ್ ಮಕ್ಕಳಿಗೆ ಇದು ಆಗದು. 2008ರಲ್ಲಿ ಬಂದ ಪೈಥಾನ್ 3ರಿಂದ ಈಚೆಗೆ ‘ಹೈದರಾಬಾದ್’ ಎಂಬ ಹೆಸರಿನ ವೇರಿಯಬಲ್ಲನ್ನೇ ಇಡಬಹುದು. ಅಲ್ಲಿ ಇಳಿ, ಐತ್ವ ಯಾವುದಕ್ಕೂ ತಕರಾರಿಲ್ಲ. ಹಾಗಾದರೆ ಆ ಹೆಸರು ಪೂರ್ತಿ ಅಕ್ಷರಗಳಿಂದಲೇ ಆದದ್ದೇ ಎಂದು ಕೇಳಿದರೆ ‘ಅಲ್ಲ’ ಅನ್ನುತ್ತದೆ. ಹೆಸರಿಡಲು ಆಗುವ ಪದ, ಓದುವಾಗ ಪದವಲ್ಲ. ರೇಷನ್ ಕಾರ್ಡಿಗೆ ಒಪ್ಪಿದ ಹೆಸರನ್ನು ಪಾಸ್‌ಪೋರ್ಟಿಗೆ ಒಪ್ಪದ ನಮ್ಮ ಕಚೇರಿಗಳಿಂದ ಬಂದವರಿಗೆ ಇದರಲ್ಲೇನೂ ಆಶ್ಚರ್ಯವಿಲ್ಲ.

ದೂರು ಹೋಗಿಲ್ಲವೇ ಎಂದರೆ, ಹೋಗಿದೆ. 2007ರಲ್ಲೇ ಒಬ್ಬರು, ರೋಮನ್ ಅಲ್ಲದ ಲಿಪಿಗಳಿಗೆ ಈ ಸ್ಲ್ಯಾಷ್ ಡಬ್ಲ್ಯು ಉಪಯೋಗಕ್ಕೆ ಬರುತ್ತಿಲ್ಲ ಎಂದು ಬರೆದುಕೊಂಡರು. 2011ರ ಆಗಸ್ಟಿನಲ್ಲಿ ಟಾಮ್ ಕ್ರಿಶ್ಚಿಯನ್ಸನ್ ಸವಿಸ್ತಾರವಾಗಿ ಇನ್ನೊಂದು ದೂರು ಕೊಟ್ಟರು, ಸಂಖ್ಯೆ 12731. ಯೂನಿಕೋಡ್ ಮಾನದಂಡದ ಯಾವ ಕಲಮು ಎಲ್ಲಿ ಮುರಿದಿದೆ ಎಂದು ಕಲಮಿನ ನಂಬರು ಸಮೇತ ತಲೆಬರಹದಲ್ಲೇ ಹೇಳಿದ ದೂರು ಅದು. ದೂರು ಬರೆಯುವ ವಿದ್ಯೆಗೆ ಪಠ್ಯಪುಸ್ತಕ ಮಾಡಿದರೆ ಮೊದಲ ಪಾಠಕ್ಕೆ ಇಡಬಹುದು. ಈ ಕ್ರಿಶ್ಚಿಯನ್ಸನ್ ಯಾರು? ಪರ್ಲ್ ಭಾಷೆಯ ಮೇಲೆ ಪುಸ್ತಕ ಬರೆದ ಅಮೆರಿಕದವರು. ಇಳಿ ಹೋದರೆ ಅವರ ಮನೆಯ ಗಂಟೇನೂ ಹೋಗುತ್ತಿರಲಿಲ್ಲ.

ಹೈದರಾಬಾದಿನ ದಖ್ಖನಿ ಉರ್ದುವಿನಲ್ಲಿ ‘ಪರ್ಸೋಂ’ ಎಂದರೆ ಮೊನ್ನೆ. ಆ ಮೊನ್ನೆ ಎರಡು ದಿನದ ಹಿಂದಿನದೂ ಆಗಬಹುದು, ಹನ್ನೆರಡು ವರ್ಷದ ಹಿಂದಿನದೂ ಆಗಬಹುದು; ಹೇಳುವವರ ಮುಖ ನೋಡಿ ಲೆಕ್ಕ ಹಾಕಬೇಕು. ಆ ಲೆಕ್ಕದಲ್ಲಿ ದೂರು 12731 ಪರ್ಸೋಂ ದಾಖಲಾದದ್ದು. 2022ರಲ್ಲಿ ಪೈಥಾನಿನ ದೂರುಗಳ ಕಡತವೆಲ್ಲ ಹಳೆಯ ಮನೆ ಬಿಟ್ಟು ಗಿಟ್‌ಹಬ್ಬಿಗೆ ಸಾಗಿದಾಗ ಇದೂ ಗಾಡಿ ಹತ್ತಿತು. ಹೊಸ ಊರಲ್ಲಿ ಹೊಸ ನಂಬರು ಸಿಕ್ಕಿತು, ಪರಿಹಾರ ಸಿಗಲಿಲ್ಲ.

ಒಂದು ಬದಲಾವಣೆ ಮಾತ್ರ ಆಯಿತು, ಅದನ್ನು ಹೇಳದಿದ್ದರೆ ಅನ್ಯಾಯ. ಸ್ಲ್ಯಾಷ್ ಡಬ್ಲ್ಯು ಎಂದರೆ ಯಾವುದೇ ಭಾಷೆಯ ಪದದಲ್ಲಿ ಬರಬಹುದಾದ ಬಹುಪಾಲು ಅಕ್ಷರಗಳು ಎಂಬರ್ಥದ ಸಾಲು ಪೈಥಾನಿನ ಅಧಿಕೃತ ವಿವರಣೆಯಲ್ಲಿ ಹಿಂದೆ ಇತ್ತು. ‘ಬಹುಪಾಲು’ ಎಂಬ ಮಾತಿನ ಹೊರಗೆ ಕನ್ನಡ, ತೆಲುಗು, ಹಿಂದಿ, ಬಂಗಾಳಿ, ತಮಿಳು ಎಲ್ಲ ಸಾಲಾಗಿ ನಿಂತಿದ್ದೆವು. ಆಮೇಲೆ ಆ ಸಾಲು ತಿದ್ದುಪಡಿಯಾಯಿತು. ಈಗ, ನಮ್ಮ ಇಂಥ ಫಂಕ್ಷನ್ ಯಾವುದನ್ನು ಅಕ್ಷರ ಅಥವಾ ಅಂಕಿ ಎನ್ನುತ್ತದೋ ಅದು ಎಂದಿದೆ. ಕೋಡಿನಲ್ಲಿ ಒಂದಕ್ಷರ ಬದಲಾಗಲಿಲ್ಲ, ಕಾಗದದಲ್ಲಿ ಎಲ್ಲ ಸರಿಹೋಯಿತು. ರಸ್ತೆಗುಂಡಿಯ ಬಗ್ಗೆ ದೂರು ಕೊಟ್ಟಾಗ, ‘ಈ ರಸ್ತೆಯಲ್ಲಿ ಗುಂಡಿಗಳಿರುತ್ತವೆ’ ಎಂಬ ಬೋರ್ಡು ನೆಟ್ಟು ಹೋಗುವ ಎಂಜಿನಿಯರನ ಕೈಗೆ ಕೀಬೋರ್ಡು ಕೊಟ್ಟರೆ ಮಾನದಂಡ ಪಾಲನೆ ಹೀಗೆಯೇ ಆಗುತ್ತದೆ.

ಜಾವಾಸ್ಕ್ರಿಪ್ಟ್ ಇನ್ನೂ ಜಾಣ. ಅದರ ಸ್ಲ್ಯಾಷ್ ಡಬ್ಲ್ಯುವಿನಲ್ಲಿ ಇರುವುದು ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ, ಹತ್ತು ಅಂಕಿ, ಒಂದು ಅಂಡರ್‌ಸ್ಕೋರ್, ಒಟ್ಟು 63. ಕ ಖ ಗ ಕೂಡ ಇಲ್ಲ. ಆದರೆ ಇದರ ಮೇಲೆ ದೂರು ಕೊಡುವಂತಿಲ್ಲ. ಯಾಕೆಂದರೆ ಅದರ ಮಾನದಂಡದಲ್ಲೇ ಹಾಗೆ ಬರೆದಿದೆ. ಬ್ರೌಸರುಗಳು ಅದನ್ನು ಚಾಚೂ ತಪ್ಪದೆ ಪಾಲಿಸುತ್ತವೆ. ಕಾನೂನುಬದ್ಧ ಅನಕ್ಷರತೆ. ಜಾವಾ 2011ರ ಏಳನೆಯ ಆವೃತ್ತಿಯಲ್ಲಿ ಒಂದು ಸ್ವಿಚ್ ಕೊಟ್ಟಿತು: ಅದನ್ನು ಒತ್ತಿದರೆ ಯೂನಿಕೋಡ್ ನಿಯಮ, ಒತ್ತದಿದ್ದರೆ ಮತ್ತೆ ಅದೇ 63. ಸ್ವಿಚ್ ಇದೆ ಎಂದು ಗೊತ್ತಿದ್ದವರಿಗೆ ಕನ್ನಡ ಬರುತ್ತದೆ. ಮಾಹಿತಿ ಹಕ್ಕಿನ ಅರ್ಜಿ ಹಾಕಲು ಗೊತ್ತಿದ್ದವರಿಗೆ ಮಾಹಿತಿ ಸಿಗುವಂತೆಯೇ.

ಇದೆಲ್ಲ ಅಕ್ಷರಪ್ರೇಮಿಗಳ ಗೋಳು, ಊಟ ತಿಂಡಿಗೆ ಸಂಬಂಧವಿಲ್ಲ ಅನ್ನುವವರು ಹೈದರಾಬಾದಿನ ಮಾಧಾಪುರದಲ್ಲಿರುವ ನಮ್ಮ ಕಚೇರಿಗೆ ಬರಬೇಕು. ಹೆಸರು ಬೇಡ. ಗಾಜಿನ ಕಟ್ಟಡ, ನಾಲ್ಕನೆಯ ಮಹಡಿಯಲ್ಲಿ ಕಾಫಿ ಯಂತ್ರ, ಕಾಫಿ ಯಂತ್ರದ ಮೇಲೆ ದೂರು ಬರೆಯುವ ಪುಸ್ತಕ. ಅಲ್ಲಿ ಊಟದ ಗಿರಾಕಿಗಳು ನಾನಾ ಭಾಷೆಗಳಲ್ಲಿ ಬರೆದ ಅಭಿಪ್ರಾಯಗಳನ್ನು ಯಂತ್ರಕ್ಕೆ ಓದಿಸಿ, ಜನ ಏನು ಹೇಳುತ್ತಿದ್ದಾರೆ ಎಂದು ತೆಗೆಯುವ ಕೆಲಸ. ಇಂಥ ಕೆಲಸಕ್ಕೆ ಊರೆಲ್ಲ ಬಳಸುವ ಸೈಕಿಟ್-ಲರ್ನ್ ಎಂಬ ಉಚಿತ ಸಲಕರಣೆ ಇದೆ. ಪದ ಬಿಡಿಸಲು ಅದು ನಂಬಿರುವುದೂ ಇದೇ ಸ್ಲ್ಯಾಷ್ ಡಬ್ಲ್ಯುವನ್ನು. ಜೊತೆಗೆ ಒಂದಕ್ಷರದ ಪದಗಳನ್ನು ಕಸವೆಂದು ಎಸೆಯುವುದು ಅದರ ಹುಟ್ಟುಗುಣ. ಇಂಗ್ಲಿಷಿನ ‘ಎ’, ‘ಐ’ಗಳನ್ನು ತೊಲಗಿಸಲು ಅದು ಒಳ್ಳೆಯ ಉಪಾಯವೇ.

ಕನ್ನಡಕ್ಕೆ ಬಂದರೆ? ‘ಬಿರಿಯಾನಿ ತುಂಬಾ ಚೆನ್ನಾಗಿದೆ’ ಎಂಬ ವಾಕ್ಯದಲ್ಲಿ ಗುರುತುಗಳೆಲ್ಲ ಹೋಗಿ ಒಂಟಿ ಅಕ್ಷರಗಳು ಉಳಿಯುತ್ತವೆ. ಒಂಟಿ ಅಕ್ಷರಗಳು ಕಸದ ಬುಟ್ಟಿಗೆ. ಯಂತ್ರದ ಕೈಗೆ ಬಂದದ್ದು ಸೊನ್ನೆ. ‘ಬಿರಿಯಾನಿ ಚೆನ್ನಾಗಿಲ್ಲ’? ಅದೂ ಸೊನ್ನೆ. ‘ಬೇಕು’, ‘ಬೇಡ’ ಎರಡೂ ಸೊನ್ನೆ. ಹೊಗಳಿಕೆ ತೆಗಳಿಕೆಗಳನ್ನು ಸಮನಾಗಿ ಕಾಣುವುದು ಸ್ಥಿತಪ್ರಜ್ಞನ ಲಕ್ಷಣ ಎಂದು ಕೇಳಿದ್ದೆವು. ಸಾಫ್ಟ್‌ವೇರಿನಲ್ಲಿ ಅದನ್ನು ಕಂಡದ್ದು ಅಲ್ಲಿ.

ಪೂರ್ತಿ ಸೊನ್ನೆಯಾಗಿದ್ದರೆ ಯಾರಾದರೂ ಗಮನಿಸುತ್ತಿದ್ದರೇನೋ. ಹಾಗಾಗಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಕನ್ನಡದ ಪದಗಳ ಪೈಕಿ ಒಂದು ಮಾತ್ರ ಗೋಡೆಯಷ್ಟು ದೊಡ್ಡದಾಗಿ ಬಂತು: ‘ದರ’. ಯಾಕೆ ಬಾರದು? ‘ಕೇಳಿದರೆ’ ಎಂಬುದರಲ್ಲಿ ಉಳಿಯುವುದು ದರ. ‘ಹೇಳಿದರೂ’, ‘ಕಾದರೂ’, ‘ಬಂದರೂ’ ಎಲ್ಲದರಲ್ಲೂ ದರ. ಕೇಳಿದರೆ ಹೇಳಲಿಲ್ಲ, ಕಾದರೂ ಬರಲಿಲ್ಲ, ಬಂದರೂ ಬಿಸಿ ಇರಲಿಲ್ಲ. ಕನ್ನಡದಲ್ಲಿ ಗೊಣಗಬೇಕಾದರೆ ‘ದರೆ’, ‘ದರೂ’ ಇಲ್ಲದೆ ಆಗುವುದುಂಟೇ? ಕನ್ನಡ ಗಿರಾಕಿಗಳು ದರದ ಬಗ್ಗೆ ಬಹಳ ತಲೆಕೆಡಿಸಿಕೊಳ್ಳುತ್ತಾರೆ ಎಂದು ವರದಿ ಸಿದ್ಧವಾಯಿತು. ಎರಡನೆಯ ಸ್ಥಾನದಲ್ಲಿದ್ದ ಪದ ‘ಆದರ’. ‘ಆದರೆ’ ಎಂದು ಶುರುಮಾಡಿ ಗಿರಾಕಿ ಬೈದದ್ದೆಲ್ಲ ಏತ್ವ ಕಳಚಿಕೊಂಡು ಹೀಗೆ ಗೌರವವಾಗಿ ಒಳಗೆ ಬಂದಿತ್ತು. ದರದ ಚಿಂತೆ ಇದ್ದರೂ ನಮ್ಮ ಮೇಲೆ ಆದರವಿದೆ ಎಂದು ಮೇಲಿನವರು ತೀರ್ಮಾನಿಸಿ, ಕನ್ನಡ ಬರೆಯುವವರಿಗೆಲ್ಲ ಇಪ್ಪತ್ತು ರೂಪಾಯಿ ರಿಯಾಯಿತಿಯ ಕೂಪನ್ನು ಕಳಿಸಿದರು. ಬಿಸಿಯಿಲ್ಲದ ಬಿರಿಯಾನಿ, ಕಡಿಮೆ ದರದಲ್ಲಿ.

ಊರುಗಳ ಪಟ್ಟಿ ಇನ್ನೂ ರಸವತ್ತಾಗಿತ್ತು. ಹೈದರಾಬಾದ್‌ನಲ್ಲಿ ಉಳಿದದ್ದು ‘ದರ’. ಬೀದರ್‌ನಲ್ಲಿ ಉಳಿದದ್ದೂ ‘ದರ’. ಎರಡೂ ಒಂದೇ ಊರಾದವು. ರಾಯಚೂರು ‘ಯಚ’ ಆಯಿತು, ಬೆಂಗಳೂರು ‘ಗಳ’ ಆಯಿತು, ಮೈಸೂರು ಇಲ್ಲವೇ ಇಲ್ಲ. ತೆಲಂಗಾಣವೂ ಇಲ್ಲ, ಅಷ್ಟು ವರ್ಷ ಹೋರಾಡಿ 2014ರಲ್ಲಿ ಪಡೆದ ರಾಜ್ಯವನ್ನು ಅರ್ಧ ಸಾಲಿನ ರೆಜೆಕ್ಸ್ ಅಳಿಸಿತು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಹೆಸರು ಹಾಕಿದರೆ ಸಾಹಿತ್ಯವೂ ಉಳಿಯಲಿಲ್ಲ, ಮಂದಿರವೂ ಉಳಿಯಲಿಲ್ಲ. ‘ಕರ’, ‘ಟಕ’ ಉಳಿದವು. ಬೀದರಿನಿಂದ ಬಂದ ಸಹೋದ್ಯೋಗಿ ಪರದೆ ನೋಡಿ ಅಂದದ್ದು: “ಅಲ್ರೀ ಸರ, ನಮ್ಮೂರ್ನ ಮತ್ತ ಹೈದ್ರಾಬಾದಿಗೇ ಕೂಡ್ಸಿಬಿಟ್ಟಾರಲ್ರೀ. ಐವತ್ತಾರ್‌ದಾಗ ನಮ್ಮಜ್ಜಾರು ಪೇಢೆ ಹಂಚಿದ್ದು ದಂಡ ಆತು ನೋಡ್ರಿ.” 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವನ್ನು ಮೂರು ಪಾಲು ಮಾಡಿ ಬೀದರ್, ಕಲಬುರಗಿ, ರಾಯಚೂರುಗಳನ್ನು ಮೈಸೂರು ರಾಜ್ಯಕ್ಕೆ ಕೊಟ್ಟರು. ಅದಕ್ಕೆ ಆಯೋಗ, ವರದಿ, ಸಂಸತ್ತಿನ ಕಾಯ್ದೆ ಎಲ್ಲ ಬೇಕಾಯಿತು. ವಾಪಸು ಸೇರಿಸಲು ಯಾವುದೂ ಬೇಕಾಗಲಿಲ್ಲ.

ಆ ಸಹೋದ್ಯೋಗಿಯೇ ಕಚೇರಿಯೊಳಗೆ ದೂರಿನ ಟಿಕೆಟ್ ಎತ್ತಿದರು. ಆವೃತ್ತಿ ಯಾವುದು, ಕೊಟ್ಟ ಪದ ಏನು, ಬರಬೇಕಾದದ್ದೇನು, ಬಂದದ್ದೇನು, ಮಾನದಂಡದ ಯಾವ ಕಲಮು ಎಲ್ಲ ಬರೆದರು. ಇಷ್ಟು ಚೊಕ್ಕವಾದ ಟಿಕೆಟ್ಟಿನ ಹಣೆಬರಹ ಏನಾಗುತ್ತದೆಂದು ಈ ಊರಿನ ಯಾವ ಎಂಜಿನಿಯರಿಗಾದರೂ ಗೊತ್ತು. ಅದು ಪರೀಕ್ಷಕರ ತಂಡಕ್ಕೆ ಹೋಯಿತು. ಅವರಲ್ಲಿ ಕನ್ನಡ ಬಲ್ಲವರಿರಲಿಲ್ಲ. ಎಲ್ಲಿಂದಲೋ ಒಂದು ಕನ್ನಡ ಪದ ತಂದು ಯಂತ್ರಕ್ಕೆ ಕೊಟ್ಟು ನೋಡಿದರು. ತಂದ ಪದ ‘ನಮನ’. ನ, ಮ, ನ. ಇಳಿಯಿಲ್ಲ, ಕೊಂಬಿಲ್ಲ, ಒತ್ತಿಲ್ಲ. ಹೋದ ಹಾಗೆಯೇ ವಾಪಸು ಬಂತು. ‘ದೋಷ ಮರುಕಳಿಸುತ್ತಿಲ್ಲ’ ಎಂದು ಟಿಕೆಟ್ ಮುಚ್ಚಿ, ಮುಚ್ಚಿದ ವೇಗಕ್ಕೆ ತಿಂಗಳ ಕೊನೆಯಲ್ಲಿ ಒಂದು ಶಾಭಾಸ್‌ಗಿರಿಯನ್ನೂ ಪಡೆದರು. ಮತ್ತೆ ತೆರೆಸಿದಾಗ ಮ್ಯಾನೇಜರು, “ಲೈಟ್ ತೀಸ್ಕೋ ಬಾಸ್, ಇದು ನಮ್ಮ ಬಗ್ ಅಲ್ಲ, ಭಾಷೆಯ ಬಗ್” ಅಂದರು. ಯಾವ ಭಾಷೆ, ಪೈಥಾನೋ ಕನ್ನಡವೋ ಎಂದು ಬೀದರಿನವರು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

(ತೆಲಂಗಾಣದಲ್ಲಿ ‘ಪ್ರಜಾವಾಣಿ’ ಎಂದರೆ ಪತ್ರಿಕೆಯಲ್ಲ, ಸೋಮವಾರ ಜಿಲ್ಲಾ ಕಲೆಕ್ಟರ್ ಕಚೇರಿಯಲ್ಲಿ ಅಹವಾಲು ಕೊಡುವ ಕಾರ್ಯಕ್ರಮ. ಅಲ್ಲಿ ಕಾಗದ ತೆಗೆದುಕೊಳ್ಳುವವರು ಕನಿಷ್ಠ ಅರ್ಜಿದಾರನ ಮುಖವನ್ನಾದರೂ ನೋಡುತ್ತಾರೆ.)

ಪ್ರೋಗ್ರಾಮಿಂಗ್ ಭಾಷೆಗಳ ಹಿಂದಿರುವವರಿಗೆ ತಿದ್ದುವುದೇ ಗೊತ್ತಿಲ್ಲವೆಂದಲ್ಲ. 2015ರಲ್ಲಿ ಯುರೋಪಿನ ಕೆಲವು ಸಂಶೋಧಕರು ಟಿಮ್‌ಸಾರ್ಟ್ ಎಂಬ ವಿಂಗಡಣೆ ವಿಧಾನದಲ್ಲಿ ಒಂದು ತಪ್ಪು ಕಂಡುಹಿಡಿದರು. 2002ರಲ್ಲಿ ಟಿಮ್ ಪೀಟರ್ಸ್ ಪೈಥಾನಿಗಾಗಿ ರೂಪಿಸಿ, ಆಮೇಲೆ ಜಾವಾ ಕೂಡ ಎರವಲು ಪಡೆದ ವಿಧಾನ ಅದು. ಪೈಥಾನಿನಲ್ಲಿ ಆ ತಪ್ಪು ಪ್ರಕಟವಾಗಬೇಕಾದರೆ ಯಾವ ಕಂಪ್ಯೂಟರಿನಲ್ಲೂ ಹಿಡಿಸದಷ್ಟು ದೊಡ್ಡ ಪಟ್ಟಿ ಬೇಕಾಗಿತ್ತು. ಆದರೂ ಪೈಥಾನಿನವರು ಸಂಶೋಧಕರು ಹೇಳಿದ ರೀತಿಯಲ್ಲೇ, ತಡಮಾಡದೆ ತಿದ್ದಿದರು. ಜಾವಾದವರು ತರ್ಕವನ್ನು ಮುಟ್ಟದೆ ಅದಕ್ಕೆ ಮೀಸಲಿಟ್ಟ ಜಾಗವನ್ನು ಹಿಗ್ಗಿಸಿ ಕೈತೊಳೆದುಕೊಂಡರು. ಅದು ಅವರವರ ಸಂಸ್ಕಾರ. ಅಂತೂ ಭೂಮಿಯ ಮೇಲೆ ಯಾರಿಗೂ ಎದುರಾಗದ ತಪ್ಪಿಗೆ ಪೈಥಾನಿನಲ್ಲಿ ಕೂಡಲೇ ಪರಿಹಾರ. ಕನ್ನಡದ ಮೂರು ಪದಕ್ಕೊಮ್ಮೆಯಾದರೂ ಎದುರಾಗುವ ತಪ್ಪಿಗೆ ಪರ್ಸೋಂ.

2018ರ ಫೆಬ್ರವರಿಯಲ್ಲಿ ಇನ್ನೊಂದು ನಡೆಯಿತು. ತೆಲುಗಿನ ‘ಜ್ಞಾ’ ಎಂಬ ಒತ್ತಕ್ಷರವನ್ನು ಒಂದು ಬಗೆಯಲ್ಲಿ ಬರೆದು ಐಫೋನಿಗೆ ಕಳಿಸಿದರೆ ಮೆಸೇಜಿನ ಆ್ಯಪ್ ಕುಸಿದು ಬೀಳುತ್ತಿತ್ತು. ಸುದ್ದಿಯಾದ ಕೆಲವೇ ದಿನಗಳಲ್ಲಿ, 19ನೇ ತಾರೀಖಿಗೆ, ಐಒಎಸ್ 11.2.6 ಎಂಬ ಹೊಸ ಆವೃತ್ತಿ ಹೊರಬಿತ್ತು. ತೆಲುಗರ ಮೇಲಿನ ಪ್ರೀತಿಯಿಂದಲ್ಲ. ಆ ಅಕ್ಷರ ತೆಲುಗು ಬಾರದವರ ಫೋನನ್ನೂ ಕೆಡವುತ್ತಿತ್ತು. ನಮ್ಮ ಲಿಪಿ ನಮಗೆ ತೊಂದರೆ ಕೊಟ್ಟರೆ ‘ದಾಖಲೆಯಲ್ಲಿರುವ ನಡವಳಿಕೆ’, ಕ್ಯಾಲಿಫೋರ್ನಿಯಾಕ್ಕೆ ತೊಂದರೆ ಕೊಟ್ಟರೆ ತುರ್ತು ಪರಿಸ್ಥಿತಿ. ಕನ್ನಡದ ಕೊಂಬಿಗೆ ಇರಿಯುವ ಶಕ್ತಿ ಇದ್ದಿದ್ದರೆ 2007ರಲ್ಲೇ ಕೆಲಸ ಮುಗಿಯುತ್ತಿತ್ತು.

ಬಿಳಿಯರಿಗೆಲ್ಲ ಕೇಳಿದ ಕೂಡಲೇ ಸಿಗುತ್ತದೆ ಎಂದೂ ತಿಳಿಯಬೇಡಿ. ಜಿಸಿಸಿ ಎಂಬ ಹೆಸರಾಂತ ಕಂಪೈಲರಿನ ದೂರು ಸಂಖ್ಯೆ 323, ದಶಮಾಂಶದ ಲೆಕ್ಕ ಆಪ್ಟಿಮೈಸ್ ಮಾಡಿದಾಗ ಒಂದು ಉತ್ತರ, ಮಾಡದಿದ್ದಾಗ ಇನ್ನೊಂದು ಉತ್ತರ ಎಂದು 2000ರಲ್ಲಿ ದಾಖಲಾದದ್ದು. ಹಳೆಯ ಇಂಟೆಲ್ ಚಿಪ್ಪಿನ ಗುಣ ಅದು ಎಂದು ವರ್ಷಗಟ್ಟಲೆ ‘ಅಸಿಂಧು’ ಮೊಹರು ಹೊತ್ತುಕೊಂಡೇ ಇತ್ತು. ಅದೇ ದೂರನ್ನು ಹೊಸದಾಗಿ ತರುವವರ ಸಾಲು ಮಾತ್ರ ಬೆಳೆಯುತ್ತಲೇ ಹೋಯಿತು. ಇನ್ನು, 2011ರ ಸಿ++ ಮಾನದಂಡದ ಪ್ರಕಾರ ವಿಂಗಡಣೆ ಎಂಥ ಪಟ್ಟಿ ಕೊಟ್ಟರೂ ಇಂತಿಷ್ಟು ಹೋಲಿಕೆಗಳೊಳಗೆ ಮುಗಿಯಬೇಕು. ಎಲ್‌ಎಲ್‌ವಿಎಂ ಬಳಗದ ಲೈಬ್ರರಿಯಲ್ಲಿ ಕಿಡಿಗೇಡಿ ಪಟ್ಟಿಯೊಂದನ್ನು ಕೊಟ್ಟರೆ ಅದು ಆ ಮಿತಿ ದಾಟಿ, ಪಟ್ಟಿ ಹತ್ತುಪಟ್ಟಾದರೆ ಸಮಯ ನೂರುಪಟ್ಟಾಗುವಂತೆ ತೆವಳುತ್ತಿತ್ತು. ಮಾನದಂಡದ ಉಲ್ಲಂಘನೆಯೂ ಹೌದು, ನಿಧಾನವೂ ಹೌದು. ಒಂದೇ ಕಲ್ಲಿಗೆ ಎರಡು ಹಕ್ಕಿ ತಾವಾಗಿಯೇ ಬಂದು ಕೂತಿದ್ದವು. 2014ರಲ್ಲಿ ದೂರು, 2021ರಲ್ಲಿ ತಿದ್ದುಪಡಿ. ಏಳು ವರ್ಷ. ನಮ್ಮ ಸಿವಿಲ್ ಕೋರ್ಟಿನ ಲೆಕ್ಕದಲ್ಲಿ ಇದು ಸರಸರ ಮುಗಿದ ಕೇಸು.

ಪೈಥಾನಿನವರನ್ನೇ ಬೈದು ಪ್ರಯೋಜನವೂ ಇಲ್ಲ. ಪೈಥಾನಿನ ಈ ಭಾಗವನ್ನು ನೋಡಿಕೊಳ್ಳುವವರು ಬೆರಳೆಣಿಕೆಯ ಜನ. ಇವತ್ತು ಸ್ಲ್ಯಾಷ್ ಡಬ್ಲ್ಯುವಿನ ಅರ್ಥ ಬದಲಿಸಿದರೆ ನಾಳೆ ಜಗತ್ತಿನ ಯಾವ ಮೂಲೆಯಲ್ಲಿ ಯಾರ ಪ್ರೋಗ್ರಾಮು ಮುರಿಯುತ್ತದೋ ಎಂಬ ಭಯ ಅವರದು, ಅದು ಸುಳ್ಳೂ ಅಲ್ಲ. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ನಾವೇನು ಮಾಡಿದೆವು? 1998ರಲ್ಲಿ ಪ್ರಧಾನಿ ವಾಜಪೇಯಿ ಹೈದರಾಬಾದಿನಲ್ಲಿ ಸೈಬರ್ ಟವರ್ಸ್ ಎಂಬ ಐಟಿ ಕಟ್ಟಡ ಉದ್ಘಾಟಿಸಿದರು. ಅದೇ ವರ್ಷ ಗಚ್ಚಿಬೌಲಿಯಲ್ಲಿ ಐಐಐಟಿ ಶುರುವಾಯಿತು, ಭಾರತೀಯ ಭಾಷೆಗಳ ಯಂತ್ರಾನುವಾದದ ಕೆಲಸ ಮಾಡುವ ಒಂದು ಕೇಂದ್ರ ಅಲ್ಲಿ ಬೆಳೆಯಿತು. ಅದೇ ವರ್ಷ ಮೈಕ್ರೋಸಾಫ್ಟ್ ಬಂತು. ಅಂದಿನಿಂದ ಇಂದಿನವರೆಗೆ ಈ ಊರಿನ ಪಶ್ಚಿಮ ದಿಕ್ಕಿನಲ್ಲಿ ಬಂಡೆ ಒಡೆದು ಎಬ್ಬಿಸಿದ ಗೋಪುರಗಳಲ್ಲಿ ಲಕ್ಷಾಂತರ ಎಂಜಿನಿಯರುಗಳು ಕೂತಿದ್ದಾರೆ. ಮನೆಯಲ್ಲಿ ತೆಲುಗು, ಕನ್ನಡ, ಹಿಂದಿ, ಮರಾಠಿ ಆಡುವವರು. ಕಚೇರಿಯಲ್ಲಿ ಪೈಥಾನ್ ಆಡುವವರು. ಅವರ ಅಮ್ಮನ ಹೆಸರನ್ನು ಪೈಥಾನ್ ನಾಲ್ಕು ತುಂಡು ಮಾಡುತ್ತದೆ. ನಾನು ಕಂಡಷ್ಟು ತಂಡಗಳಲ್ಲಿ ಇದನ್ನು ಕಂಡವರು ಮೊದಲು ಮಾಡುವ ಕೆಲಸ ದೂರು ಕೊಡುವುದಲ್ಲ, ತೇಪೆ ಹಾಕುವುದು. ತೇಪೆ ಹಾಕಿದವನಿಗೆ ಸಂಜೆಯ ಮೀಟಿಂಗಿನಲ್ಲಿ ಚಪ್ಪಾಳೆ. ದೂರು ಬರೆದವನಿಗೆ, ‘ಅಷ್ಟು ಪುರುಸೊತ್ತು ಇದೆಯಾ ನಿನಗೆ?’

ನಮ್ಮ ಕಚೇರಿಯಲ್ಲೂ ತೇಪೆಯೇ ಗೆದ್ದಿತು. ಸುಲಭದ ದಾರಿ ಇತ್ತು. ಮ್ಯಾಥ್ಯೂ ಬಾರ್ನೆಟ್ ಎಂಬವರು ಬರೆದ ‘ರೆಜೆಕ್ಸ್’ ಎಂಬ ಬದಲಿ ಲೈಬ್ರರಿ ಕನ್ನಡವನ್ನು ಸರಿಯಾಗಿಯೇ ಓದುತ್ತದೆ, ಒಂದು ಸಾಲಿನ ಅಪ್ಪಣೆಗೆ ಇಳಿದು ಬರುತ್ತದೆ. ಆದರೆ ಹೊರಗಿನ ಲೈಬ್ರರಿ ತರಲು ಭದ್ರತಾ ತಂಡದ ಒಪ್ಪಿಗೆ ಬೇಕು. ಭದ್ರತಾ ತಂಡದ ನಮೂನೆಯಲ್ಲಿ ‘ಇದರಿಂದ ವ್ಯವಹಾರಕ್ಕೆ ಆಗುವ ಲಾಭ’ ಎಂಬ ಕಾಲಂ ಇದೆ. ಆ ಕಾಲಮಿನಲ್ಲಿ ‘ಕಾಗುಣಿತ’ ಎಂದು ಬರೆಯುವ ಧೈರ್ಯ ಯಾರಿಗೂ ಬರಲಿಲ್ಲ. ಹಾಗಾಗಿ ಒಬ್ಬ ಉತ್ಸಾಹಿ ಕೈಯಾರೆ ಪದದ ವ್ಯಾಖ್ಯೆ ಬರೆದ. ಯೂನಿಕೋಡಿನಲ್ಲಿ ಕನ್ನಡಕ್ಕೆ ಮೀಸಲಾದ 128 ಸ್ಥಾನಗಳನ್ನೂ ಸೇರಿಸಿದ. ‘ರ‍್ಯಾಂಕ್’ ಮುರಿಯಿತು, ಯಾಕೆಂದರೆ ಅದರೊಳಗಿರುವ ಅದೃಶ್ಯ ಜೋಡಣೆಯ ಚಿಹ್ನೆ ಕನ್ನಡದ 128ರ ಒಳಗಿಲ್ಲ. ಅದನ್ನೂ ಸೇರಿಸಿದ. ತೆಲುಗಿನವರು ನಮಗೂ ಎಂದರು. ಅವರ 128 ನಮ್ಮದಕ್ಕೆ ಹೊಂದಿಕೊಂಡೇ ಇದೆ, ಅದನ್ನೂ ಎಳೆದುಕೊಂಡ. ಹಿಂದಿ ಬಂತು, ಉರ್ದು ಬಂತು. ಆವರಣದೊಳಗೆ ಆವರಣ, ಪುನರಾವರ್ತನೆಯೊಳಗೆ ಪುನರಾವರ್ತನೆ ಸೇರುತ್ತ ಅದು ತೆಲಂಗಾಣದ ಬೋನಾಲು ಮೆರವಣಿಗೆಯಷ್ಟು ಉದ್ದವಾಯಿತು.

ರೆಜೆಕ್ಸ್ ಎಡವಟ್ಟಾದರೆ ಹುಡುಕಾಟ ಎಷ್ಟು ನಿಧಾನವಾಗಬಹುದೆಂದು ರಸ್ ಕಾಕ್ಸ್ 2007ರಲ್ಲೇ, ಸ್ಲ್ಯಾಷ್ ಡಬ್ಲ್ಯುವಿನ ಮೊದಲ ದೂರು ಬಂದ ವರ್ಷವೇ, ಎಲ್ಲರಿಗೂ ತಿಳಿಯುವಂತೆ ಬರೆದಿದ್ದರು. ಕೆನ್ ಥಾಂಪ್ಸನ್ 1968ರಲ್ಲಿ ಹೇಳಿಕೊಟ್ಟ ವಿಧಾನದಲ್ಲಿ 20 ಮೈಕ್ರೋಸೆಕೆಂಡಿನಲ್ಲಿ ಮುಗಿಯುವ ಒಂದು ಹುಡುಕಾಟ, ಬರೀ 29 ಅಕ್ಷರದ ಪಠ್ಯದ ಮೇಲೆ ಅಂದಿನ ಪರ್ಲ್‌ನಲ್ಲಿ 60 ಸೆಕೆಂಡಿಗೂ ಹೆಚ್ಚು ಹೊತ್ತು ಓಡುತ್ತಿತ್ತು. ಪೈಥಾನ್, ಜಾವಾ, ರೂಬಿ ಎಲ್ಲದರದೂ ಅದೇ ಮನೆತನ. 2019ರ ಜುಲೈ 2ರಂದು ಕ್ಲೌಡ್‌ಫ್ಲೇರ್ ಎಂಬ ಕಂಪನಿಯ ಒಂದೇ ಒಂದು ರೆಜೆಕ್ಸ್ ಹೀಗೆ ಗಿರಕಿ ಹೊಡೆದು, ಅದನ್ನು ನಂಬಿದ್ದ ಜಾಲತಾಣಗಳೆಲ್ಲ ಸುಮಾರು ಅರ್ಧ ಗಂಟೆ ಮಲಗಿದವು. ನಮ್ಮದು ಅಷ್ಟು ದೊಡ್ಡ ಕಂಪನಿಯಲ್ಲ. ನಮ್ಮ ಕಂಪ್ಯೂಟರುಗಳು ಮಾತ್ರ ಮಲಗಿದವು. ಉದ್ದುದ್ದದ ಕನ್ನಡ ಅಭಿಪ್ರಾಯ ಬಂದಾಗಲೆಲ್ಲ ಸರ್ವರಿನ ಉಸಿರು ಕಟ್ಟುತ್ತಿತ್ತು.

ಈ ಸಲ ಟಿಕೆಟ್ ಎತ್ತಿದ್ದು ಮೇಲಿನವರೇ, ಅತಿ ತುರ್ತು ಎಂಬ ಕೆಂಪು ಗುರುತು ಹಾಕಿ. ಪದ ತಪ್ಪಾಗಿ ಬಂದರೆ ನಾಲ್ಕನೆಯ ದರ್ಜೆಯ ದೂರು, ಸರ್ವರು ನಿಂತರೆ ಮೊದಲ ದರ್ಜೆಯದು. ಮಧ್ಯಾಹ್ನದೊಳಗೆ ಮೂಲಕಾರಣದ ವರದಿಯೂ ಬಂತು. ‘ಮೂಲಕಾರಣ’ ಎಂಬ ಕಾಲಮಿನಲ್ಲಿ ‘ಕನ್ನಡ’ ಎಂದಿತ್ತು.

ಪರಿಹಾರವೂ ಕೂಡಲೇ ಸಿದ್ಧವಾಯಿತು. ಇನ್ನು ಮೇಲೆ ಕನ್ನಡದ ಅಭಿಪ್ರಾಯಗಳನ್ನೆಲ್ಲ ಮೊದಲು ಇಂಗ್ಲಿಷಿಗೆ ಅನುವಾದ ಮಾಡಿಸಿ, ಆಮೇಲೆ ಯಂತ್ರಕ್ಕೆ ಓದಿಸುವುದು. ಬೀದರಿನವರು ಕೈ ಎತ್ತಿದರು. “ಅಲ್ರೀ ಸರ, ಇಂಗ್ಲಿಷ್ ಮಾಡೋಕಿಂತ ಮುಂಚೆ ಕನ್ನಡದ ಪದ ಬಿಡಿಸ್ಬೇಕಲ್ರೀ, ಅದನ್ನ ಯಾವುದ್ರಾಗ ಮಾಡ್ತಾರ?”

ಅದು ಬೇರೆ ತಂಡದ ಟಿಕೆಟ್ಟಂತೆ.